ಎಡಕ್ಕೆ ಸಾಹೇಬರದು, ಬಲಕ್ಕೆ ಅಧ್ಯಕ್ಷರದು

ನೆಗಿಶಿ ಇಬ್ಬರ ಸಲಹೆ ಕೇಳಿದ್ದೇ ತಪ್ಪಾಯಿತು. ಒಬ್ಬರನ್ನು ಕೇಳಿ ಸುಮ್ಮನಿದ್ದಿದ್ದರೆ ಅವನ ಪಾಡಿಗೆ ಅವನು ನೆಮ್ಮದಿಯಾಗಿರುತ್ತಿದ್ದ.

ಮಾಯೆಬಾಶಿ ಊರಿನ ನೀರು ಸರಬರಾಜು ಕಚೇರಿಯ ಈ ಗುಮಾಸ್ತನ ಪಂಚಪ್ರಾಣವೆಂದರೆ ಎರಡೇ ಸೀಟಿನ, ಹಗುರವಾದ, ಹಳೇ ಕೆಂಪು ಸ್ಪೋರ್ಟ್ಸ್ ಕಾರು. ಅದರ ಮುಂದಿನ ಬ್ರೇಕ್ ಪ್ಯಾಡು ಸವೆದು ಹಪ್ಪಳದಂತಾಗಿತ್ತು. ಸರ್ಕಾರಿ ತಪಾಸಣೆಯ ಗಡುವು ಆ ಶುಕ್ರವಾರ. ಅಂದು ಪಾಸಾಗದಿದ್ದರೆ ಕಾರು ಮಾರಿ, ಅಕ್ಕಿಮೂಟೆ ಹಿಡಿಸುವಂಥ ಗಾಡಿ ತಗೊಳ್ಳುವುದೆಂದು ಹೆಂಡತಿ ಚಿಯೊ ಖಡಾಖಂಡಿತವಾಗಿ ಹೇಳಿದ್ದಳು.

ಆ ಕಾರಿಗೆ ಎರಡು ಅಳತೆಯ ಪ್ಯಾಡುಗಳಿವೆ. ತನ್ನದು ಯಾವುದೋ ತಿಳಿಯದೆ ನೆಗಿಶಿ ಹಳೆಯ ಪ್ಯಾಡನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಕಚೇರಿಯ ಮುಖ್ಯಸ್ಥ ಇಸೋಬೆಯವರಿಗೆ ತೋರಿಸಿದ. ಅವರಲ್ಲೂ ಅಂಥದೇ ಕಾರಿತ್ತು. ಚಿಕ್ಕ ಅಳತೆ ಎಂದವರು ಮರುದಿನ ಒಂದು ಡಬ್ಬಿಯನ್ನೇ ತಂದುಕೊಟ್ಟರು. ಮೆತ್ತನೆಯ ಪ್ಯಾಡು, ಸದ್ದಿಲ್ಲ, ಊರೊಳಗಿನ ಓಡಾಟಕ್ಕೆ ಹೇಳಿ ಮಾಡಿಸಿದ್ದು. ಯಾತಕ್ಕೂ ಇರಲಿ ಎಂದು ನೆಗಿಶಿ ಕಾರು ಕ್ಲಬ್ಬಿನ ಅಧ್ಯಕ್ಷ ಕುರಿಹಾರ ಅವರಿಗೂ ಆ ಕಾಗದ ತೋರಿಸಿದ್ದ. ಅವರೂ ಒಂದು ಡಬ್ಬಿ ತಂದರು. ಇದು ಗಟ್ಟಿ ಪ್ಯಾಡು, ಬೆಟ್ಟ ಇಳಿಯುವಾಗ ಎಷ್ಟು ಕಾದರೂ ಕೈಕೊಡುವುದಿಲ್ಲ.

ಹಿರಿಯರು ಕೊಟ್ಟಿದ್ದನ್ನು ಬೇಡ ಎನ್ನುವ ಬಾಯಿ ಅವನಿಗಿಲ್ಲ. ಒಬ್ಬರದು ಹಾಕಿದರೆ ಇನ್ನೊಬ್ಬರಿಗೆ ನೋವು. ಕೊನೆಗೆ ಎಡಚಕ್ರಕ್ಕೆ ಸಾಹೇಬರ ಪ್ಯಾಡು, ಬಲಚಕ್ರಕ್ಕೆ ಅಧ್ಯಕ್ಷರ ಪ್ಯಾಡು ಹಾಕಿ, ಇಬ್ಬರ ಮರ್ಯಾದೆಯನ್ನೂ ಉಳಿಸಿದೆನೆಂದು ಪುಣ್ಯಾತ್ಮ ಬೀಗಿದ.

ಶುಕ್ರವಾರ ಬೆಳಿಗ್ಗೆ ತಪಾಸಣಾ ಕೇಂದ್ರದಲ್ಲಿ, ಚಕ್ರ ತಿರುಗಿಸಿ ನೋಡುವ ಉರುಳೆಗಳ ಮೇಲೆ ಕಾರು ನಿಂತಿತು. ಬ್ರೇಕು ಒತ್ತಿದ ಕೂಡಲೇ ಯಂತ್ರ ಕೆಂಪು ದೀಪ ತೋರಿಸಿತು.

"ಎಡಗಡೆದು ಗಪ್ಪಂತ ಹಿಡಿಯುತ್ತೆ, ಬಲಗಡೆದು ಇನ್ನೂ ಯೋಚನೆ ಮಾಡ್ತಾ ಇದೆ" ಎಂದ ಅಧಿಕಾರಿ. "ಎರಡೂ ಕಡೆ ಒಂದೇ ಥರದ್ದು ಹಾಕ್ಕೊಂಡು ಸಂಜೆ ನಾಲ್ಕು ಗಂಟೆ ಒಳಗೆ ಬನ್ನಿ."

ಅದೇನು ಮಹಾ, ಎರಡು ಡಬ್ಬಿಗಳಲ್ಲೂ ಅರ್ಧರ್ಧ ಮನೆಯಲ್ಲೇ ಉಳಿದಿದೆಯಲ್ಲ ಎಂದು ನೆಗಿಶಿ ಮನೆಗೆ ಓಡಿದ. ಶೆಲ್ಫು ಖಾಲಿಯಿತ್ತು. ಉಡುಗೊರೆ ತಗೊಂಡು ಸುಮ್ಮನಿರುವುದು ಚೆನ್ನಾಗಿರುವುದಿಲ್ಲವೆಂದು ಚಿಯೊ, ಉಳಿದಿದ್ದನ್ನು ಒಳ್ಳೆಯ ಕಾಗದದಲ್ಲಿ ಸುತ್ತಿ, ಜೊತೆಗೆ ಕೆಂಪು ಕಾಳಿನ ಸಿಹಿತಿಂಡಿಯಿಟ್ಟು, ಬೆಳಿಗ್ಗೆಯೇ ಇಬ್ಬರ ಮನೆಗೂ ಮುಟ್ಟಿಸಿ ಬಂದಿದ್ದಳು. ಸಾಹೇಬರದು ಅಧ್ಯಕ್ಷರಿಗೆ, ಅಧ್ಯಕ್ಷರದು ಸಾಹೇಬರಿಗೆ.

"ಅದ್ಯಾಕೆ ಅದಲು ಬದಲು ಮಾಡ್ದೆ?"

"ಕೊಟ್ಟೋರಿಗೇ ಅವರದ್ದನ್ನೇ ವಾಪಸ್ ಕೊಟ್ರೆ ಮರ್ಯಾದೆನೇನ್ರೀ?"

ಕೊಟ್ಟ ಉಡುಗೊರೆಯನ್ನು ವಾಪಸ್ ಕೇಳುವುದಕ್ಕಿಂತ ಸಾಯುವುದು ಮೇಲು. ನೆಗಿಶಿ ಫೋನಿನ ಮುಂದೆ ಮಧ್ಯಾಹ್ನ ಎರಡು ಗಂಟೆಯವರೆಗೂ ಕೂತ, ಮುಟ್ಟಲಿಲ್ಲ. ಅಷ್ಟರಲ್ಲಿ ದೇವರೇ ಕಳಿಸಿದ ಹಾಗೆ ಇಬ್ಬರೂ ಒಟ್ಟಿಗೇ ಬಾಗಿಲಿಗೆ ಬಂದರು, ಇಷ್ಟೆಲ್ಲ ಯಾಕೆಂದು ಹಿಂತಿರುಗಿಸಲು ಪ್ಯಾಡಿನ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು. ವಿಷಯ ಕೇಳಿ ಇಬ್ಬರೂ ಅಯ್ಯೋ ಎಂದರು. ಪ್ಯಾಡು ಬದಲಿಸಲು ಅರ್ಧ ಗಂಟೆ, ದಾರಿ ಅರ್ಧ ಗಂಟೆ. ಬೇಕಾದಷ್ಟು ಹೊತ್ತಿತ್ತು. ನೆಗಿಶಿಯ ಕಣ್ಣಲ್ಲಿ ನೀರೇ ಬಂತು.

"ತಗೊಳ್ಳಪ್ಪ, ಅಧ್ಯಕ್ಷರ ಪ್ಯಾಡನ್ನೇ ಎರಡೂ ಕಡೆ ಹಾಕು" ಎಂದು ಇಸೋಬೆ ತಮ್ಮ ಪೊಟ್ಟಣ ಚಾಚಿದರು. ನೆಗಿಶಿ ಎಡಚಕ್ರಕ್ಕೆ ಜಾಕ್ ಕೊಟ್ಟ.

"ಛೆ ಛೆ, ನಿಮ್ಮ ಸಾಹೇಬರದ್ದಿರುವಾಗ ನಂದು ಯಾಕೆ?" ಎಂದು ಕುರಿಹಾರ ಬಗ್ಗಿ ನಮಸ್ಕರಿಸಿದರು. ನೆಗಿಶಿ ಜಾಕನ್ನು ಬಲಕ್ಕೆ ಎಳೆದ.

ಎಲ್ಲಾದರೂ ಉಂಟೇ ಎಂದು ಇಸೋಬೆ ಇನ್ನೂ ಬಗ್ಗಿದರು. ಖಂಡಿತ ಆಗದು ಎಂದು ಕುರಿಹಾರ ಅದಕ್ಕಿಂತ ಬಗ್ಗಿದರು. ವಯಸ್ಸಿನ ಮಾತು ಬಂತು, ಅನುಭವದ ಮಾತು ಬಂತು, ಕುರಿಹಾರರ ತೀರಿಹೋದ ತಂದೆಯ ಮಾತೂ ಬಂತು. ಜಾಕು ಎಡಕ್ಕೂ ಬಲಕ್ಕೂ ಹನ್ನೊಂದು ಸಲ ಓಡಾಡಿತು. ಇಬ್ಬರಲ್ಲಿ ಒಬ್ಬರಾದರೂ ಸ್ವಲ್ಪ ಮರ್ಯಾದೆಗೆಟ್ಟವರಾಗಿರಬಾರದಿತ್ತೇ ಎಂದು ನೆಗಿಶಿಗೆ ಅಳು ಬಂತು. ಒಳಗೆ ಗಡಿಯಾರ ನಾಲ್ಕು ಹೊಡೆಯಿತು.

ಚಿಯೊ ಚಹಾದ ತಟ್ಟೆ ಹಿಡಿದು ಹೊರಗೆ ಬಂದಳು. ಇಬ್ಬರಿಗೂ ತಲೆಬಾಗಿ, ಗಂಡನ ಕಿವಿಯ ಹತ್ತಿರ ಮೆಲ್ಲಗೆ ಕೇಳಿದಳು:

"ಇಬ್ಬರೂ ಇಲ್ಲೇ ಇದ್ದಾರೆ. ಕಾರು ತಗೋತೀರಾ ಅಂತ ಮೊದಲು ಯಾರನ್ನ ಕೇಳೋದ್ರೀ?"