ಭಾವ ಪಿಕಪ್ ಆರಿಸಿದ್ದು

ನಮ್ಮ ಭಾವನ ಜೊತೆ ಅಂಗಡಿಗೆ ಹೊರಟರೆ ಏನಾದರೊಂದು ಆಗದೆ ವಾಪಸು ಬಂದದ್ದೇ ಇಲ್ಲ. ಸೊಪ್ಪು ತರಲು ಹೋದರೂ ಆಗುತ್ತದೆ. ಅಂಥದ್ದರಲ್ಲಿ ಅವರು ಗಾಡಿ ಕೊಳ್ಳಲು ಹೊರಟರು.

ಬ್ಯಾಂಕಿನ ಕೆಲಸ, ಮೈಲಾಪೂರಿನಲ್ಲಿ ಫ್ಲಾಟು. ಐವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಕಾಡುಮೇಡು ಸುತ್ತುವ ಹುಚ್ಚು ಹಿಡಿಯಿತು. ಮುಂದೆ ಮನೆಮಂದಿ ಕೂತು, ಹಿಂದಿನ ತೆರೆದ ತೊಟ್ಟಿಯಲ್ಲಿ ಸಾಮಾನು ಹಾಕುವಂಥ ಪಿಕಪ್ಪುಗಳು ಮದ್ರಾಸಿನಲ್ಲಿ ಆಗಷ್ಟೇ ಕಾಣಿಸತೊಡಗಿದ್ದವು. ಅದೇ ಬೇಕೆಂದರು. ಜೊತೆಗೆ ನಾನೂ ಅಕ್ಕನೂ.

ನೀರು

ಮೊದಲ ಶೋರೂಮಿನಲ್ಲಿ ಭಾವ ಬಣ್ಣ ನೋಡಲಿಲ್ಲ, ಮೈಲೇಜು ಕೇಳಲಿಲ್ಲ. “ಎಷ್ಟು ಆಳದ ನೀರಲ್ಲಿ ಹೋಗುತ್ತೆ?” ಅಂದರು.

ಸೇಲ್ಸ್‌ಮನ್ ಮುಖ ಅರಳಿತು. “ಯಾವ ನದಿ ದಾಟಬೇಕು ಸಾರ್?”

“ನದಿ ಅಲ್ಲಪ್ಪ, ನಮ್ಮ ಬೀದಿ. ನವೆಂಬರ್ ತಿಂಗಳ ಮಳೆಯಲ್ಲಿ.”

ಎತ್ತರ

ಎರಡನೆಯ ಕಡೆ ಗಾಡಿ ಭಾರಿ ಎತ್ತರ. ಅಕ್ಕ ಸೆರಗು ಸಿಕ್ಕಿಸಿಕೊಂಡು, ನನ್ನ ಭುಜ ಹಿಡಿದು, ಹೇಗೋ ಹತ್ತಿ ಕೂತಳು. ಕೆಳಗೆ ನಿಂತ ಭಾವ ಕೇಳಿದರು, “ಹೇಗಿದೆ? ಎಲ್ಲ ಚೆನ್ನಾಗಿ ಕಾಣುತ್ತಾ?”

ಅಕ್ಕ ಬಗ್ಗಿ ನೋಡಿದಳು. “ನಿಮ್ಮ ಬೋಳುತಲೆ ಪೂರ್ತಿ ಕಾಣುತ್ತೆ. ಬೇರೆ ಗಾಡಿ ನೋಡೋಣ.”

ಮರಳು

ಮೂರನೆಯವನು ನಮ್ಮನ್ನು ಸೀದಾ ಸಮುದ್ರದ ದಡಕ್ಕೆ ಕರೆದೊಯ್ದ. “ಮರಳು, ಕೆಸರು, ಬಂಡೆ, ಏನೇ ಇರಲಿ ಸಾರ್,” ಅನ್ನುತ್ತಿದ್ದಂತೆ ಚಕ್ರ ಹೂತಿತು. ಫೋನ್ ಮಾಡಿ ಶೋರೂಮಿನಿಂದ ಇನ್ನೊಂದು ಗಾಡಿ ತರಿಸಿದ, ಇದಕ್ಕಿಂತ ದುಬಾರಿಯದು. ಎಳೆಯಲು ಬಂದದ್ದು ಪಕ್ಕದಲ್ಲೇ ಹೂತಿತು. ಕೊನೆಗೆ ಬಲೆ ಎಳೆಯುತ್ತಿದ್ದ ಬೆಸ್ತರು ಬಂದು ಎರಡನ್ನೂ ಹಗ್ಗ ಕಟ್ಟಿ ಎಳೆದರು.

ಭಾವ ಮರಳು ಕೊಡವಿಕೊಳ್ಳುತ್ತಾ ಕೇಳಿದರು, “ಈ ಎರಡರಲ್ಲಿ ಯಾವುದು ವಾಸಿ?”

ಅವನು ಯೋಚಿಸಿ ಹೇಳಿದ, “ನಿಜ ಹೇಳಬೇಕೂಂದ್ರೆ ಸಾರ್, ಮೊದಲನೇದು ನಿಧಾನವಾಗಿ ಹೂತಿತು.”

ಅದನ್ನೇ ಕೊಂಡರು.

ಮೊದಲ ಸವಾರಿ

ಗಾಡಿ ಬಂದ ಭಾನುವಾರ ಏಲಗಿರಿ ಬೆಟ್ಟಕ್ಕೆಂದು ಹೊರಟೆವು. ಭಾವನಿಗೆ ಹೊಸ ಬೂಟು, ಹೊಸ ಕೂಲಿಂಗ್ ಗ್ಲಾಸು. ಊರು ದಾಟುವ ಮೊದಲೇ ಒಂದು ಕೆರೆಯ ಹತ್ತಿರ ಕಾಫಿಗೆ ನಿಲ್ಲಿಸಿದರು. ಅಲ್ಲಿ ಸಾಲಾಗಿ ನಿಂತಿದ್ದವು ಬಾಡಿಗೆಯ ಲೋಡ್ ಗಾಡಿಗಳು ಎಂಬುದನ್ನು ನಾನೂ ಭಾವನೂ ಗಮನಿಸಲಿಲ್ಲ. ಅಕ್ಕ ಗಾಡಿಯಲ್ಲೇ ಕೂತಳು.

ಕಾಫಿ ಕುಡಿದು ಬರುವಷ್ಟರಲ್ಲಿ ಇಬ್ಬರು ಆಳುಗಳು ನಮ್ಮ ತೊಟ್ಟಿಗೆ ಮಂಚ, ಬೀರು ಏರಿಸಿ ಹಗ್ಗ ಬಿಗಿಯುತ್ತಿದ್ದರು. ಪಕ್ಕದಲ್ಲಿ ನಿಂತ ಹೆಂಗಸು ಭಾವನನ್ನು ಕಂಡು, “ಡ್ರೈವರ್ ವಂದಾಚು,” ಅಂದಳು. “ಅಡಯಾರ್ ಪೋಗಣುಂ. ಬೀರು ಪತ್ರಂ.” ಅಡಯಾರಿಗೆ ಹೋಗಬೇಕಂತೆ, ಬೀರು ಜೋಪಾನವಂತೆ.

ಭಾವ ಅಕ್ಕನ ಕಡೆ ನೋಡಿದರು. ಅವಳು ಗಾಜು ಇಳಿಸಿದಳು.

“ಬಾಡಿಗೆ ಮಾತಾಡಿ ಆಗಿದೆ, ಹತ್ತಿ ಕೂತ್ಕೊಳ್ಳಿ. ಆ ಕೂಲಿಂಗ್ ಗ್ಲಾಸ್ ಒಂದು ತೆಗೀರಿ. ನೀವು ಬರ್ತಿರೋದು ನೋಡಿ, ಡ್ರೈವರ್ ಕುಡಿದಿದ್ದಾನಾ ಅಂತ ಅವರು ಕೇಳಿದ್ರು.”