ಮೂವತ್ತಾರರ ಆಚೆ

ಫಿಲ್ಮಿನ ಒಂದು ಸುರುಳಿಗೆ ಮೂವತ್ತಾರು ಚಿತ್ರ. ಅದು ಮುಗಿದ ಮೇಲೆ ಕ್ಯಾಮರಾದ ಲಿವರ್ ಬಿಗಿದು ನಿಂತುಬಿಡಬೇಕು. ಎಲ್ಮರ್ ಹೌಗನ್ ಮೂವತ್ತೇಳನೆಯ ಸಲ ಎಳೆದ, ಬಂತು. ಇನ್ನೂ ಒಂದು ದಕ್ಕಿತಲ್ಲ ಎಂದು ಖುಷಿಪಟ್ಟ. ಮೂವತ್ತೆಂಟು, ಮೂವತ್ತೊಂಬತ್ತು ಕೂಡ ಬಂದವು. ನಲವತ್ತೊಂದನೆಯದೂ ಎಣ್ಣೆ ಹಾಕಿದ ಕದದ ಹಾಗೆ ಸಲೀಸಾಗಿ ಬಂದಾಗ ಅವನ ಬೆನ್ನಿನಲ್ಲಿ ಬೆವರು ಇಳಿಯಿತು.

ಎಲ್ಮರ್ ಅಮೆರಿಕದ ಡುಲುತ್ ಊರಿನ ಶಾಲಾ ಬಸ್ಸುಗಳ ಬ್ರೇಕು ರಿಪೇರಿ ಮಾಡುವವನು. ಒತ್ತಿದ ಪೆಡಲು ತಡೆಯಿಲ್ಲದೆ ನೆಲ ಮುಟ್ಟಿದರೆ ಏನರ್ಥವೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಳಗೆ ಫಿಲ್ಮು ಚಕ್ರದ ಹಲ್ಲಿಗೆ ಕಚ್ಚಿಕೊಂಡೇ ಇಲ್ಲ. ಬೆಳಗಿನಿಂದ ತೆಗೆದದ್ದೆಲ್ಲ ಬರೀ ಗಾಳಿ.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅವತ್ತು ಅವನ ಅತ್ತೆ, ಹೆಂಡತಿಯ ತಾಯಿ ಸಿಗ್ನೆಗೆ ಎಂಬತ್ತು ತುಂಬಿದ ದಿನ. ಚರ್ಚಿನ ಹಾಲಿನಲ್ಲಿ ಅರವತ್ತು ಜನ ನೆಂಟರು. ಸಿಗ್ನೆಗೂ ಅವಳ ತಂಗಿ ಥೋರಾಳಿಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ತಾಯಿಯನ್ನು ಮಣ್ಣು ಮಾಡಿ ಬಂದ ದಿನದ ಊಟದಲ್ಲಿ ಥೋರಾ, ಅಕ್ಕ ಮಾಡಿದ ಆಲೂಗೆಡ್ಡೆಯ ಲೆಫ್ಸೆ ರೊಟ್ಟಿಯನ್ನು ಕಿಟಕಿಗೆ ಹಿಡಿದು, “ಅಮ್ಮನ ರೊಟ್ಟಿಯಲ್ಲಿ ಆಚೆ ಬೀದಿ ಕಾಣ್ತಿತ್ತು” ಎಂದಿದ್ದಳು. ಅಷ್ಟೇ. ಅಂದಿನಿಂದ ಇಬ್ಬರೂ ಒಂದೇ ಬೀದಿಯಲ್ಲಿದ್ದುಕೊಂಡು ಬೇರೆ ಬೇರೆ ದೇಶದವರ ಹಾಗೆ ಬದುಕಿದ್ದರು.

ಅವರನ್ನು ಒಟ್ಟಿಗೆ ನಿಲ್ಲಿಸಿದವನು ಎಲ್ಮರ್. ಮೊಮ್ಮಕ್ಕಳೆಲ್ಲ ‘ತಂಗಿಯನ್ನ ಅಪ್ಪಿಕೋ ಅಜ್ಜಿ’ ಎಂದು ಫೋನು ಹಿಡಿದು ಮುತ್ತಿಕೊಂಡಾಗ ಸಿಗ್ನೆ ಸಿಡುಕಿದ್ದಳು: “ಹೋಗ್ರೋ ಆಚೆ! ನೂರು ಸಲ ಹೊಡೀತೀರ, ಒಂದೂ ತೋರಿಸಲ್ಲ. ನಾನೇನು ಪಾರಿವಾಳಾನಾ?” ಎಲ್ಮರ್ ಮೆಲ್ಲಗೆ ಮುಂದೆ ಬಂದು, “ಅತ್ತೆ, ಇದು ಫಿಲ್ಮು. ಸುಮ್ಮನೆ ಹೊಡೆಯೋಕಾಗಲ್ಲ. ನೀವು ಹೇಳಿದಷ್ಟೇ ತೆಗೀತೀನಿ” ಎಂದ. ಆ ಮಾತು ಅವಳಿಗೆ ಹಿಡಿಸಿತು. “ಹಾಗಾದ್ರೆ ಎರಡು. ಒಂದರಲ್ಲಿ ನನ್ನ ಮುಖ, ಒಂದರಲ್ಲಿ ಅವಳ ಮುಖ. ಮೂರನೇದು ಕೇಳಿದ್ರೆ ನೋಡು!”

ಹಾಗೆ ಅಕ್ಕತಂಗಿಯರು ಅಪ್ಪಿಕೊಂಡರು. “ಹಳೇದೆಲ್ಲ ಮರೆತೆ” ಎಂದು ಇಬ್ಬರೂ ಪಾದ್ರಿಯ ಮುಂದೆ ಹೇಳಿದರು. ಫಿಲ್ಮಿನ ಮುಂದೆ ಜನ ನಿಲ್ಲುವ ರೀತಿಯೇ ಬೇರೆ: ಒಮ್ಮೆ ಹೋದರೆ ಹೋಯಿತು ಎಂಬ ಭಯಕ್ಕೆ ಮುಖ ತನ್ನಷ್ಟಕ್ಕೆ ಹದಕ್ಕೆ ಬರುತ್ತದೆ. ಎಲ್ಮರ್ ಹನ್ನೆರಡನೆಯದನ್ನು ಈ ಕಡೆಯಿಂದ, ಹದಿಮೂರನೆಯದನ್ನು ಆ ಕಡೆಯಿಂದ ಉಸಿರು ಬಿಗಿಹಿಡಿದು ತೆಗೆದ. ಅರವತ್ತು ಜನ ಫೋನು ಒಳಗಿಟ್ಟು ಕಣ್ಣೊರೆಸಿಕೊಂಡರು. ಹೆಂಡತಿ ಡಾರ್ಲಾ ಮಾತ್ರ ಕಿವಿಯಲ್ಲಿ ಹೇಳಿದಳು: “ಆ ಫೋಟೋ ಬರ್ಲಿಲ್ಲ ಅಂದ್ರೆ ನೀವು ಮನೆಗೆ ಬರ್ಬೇಡಿ. ಆ ಲಾಂಡ್ರಿಯಲ್ಲೇ ಇದ್ದುಬಿಡಿ.”

ಲಾಂಡ್ರಿ ಎಂದರೆ ಎಲ್ಮರನ ಫಿಲ್ಮು ಸಂಘ. ಮುಚ್ಚಿಹೋದ ಲಾಂಡ್ರಿಯ ಹಿಂದಿನ ಕೋಣೆಯೇ ಅವರ ಕತ್ತಲೆಕೋಣೆ. ಈಗ ಅವನಿಗೆ ಹೊಳೆದದ್ದೂ ಅದೊಂದೇ ಜಾಗ.

“ಇನ್ನೊಂದು ಫಿಲ್ಮು ತರ್ತೀನಿ” ಎಂದು ಕಾರಿನ ಹತ್ತಿರ ಹೋಗಿ ನೋಡುತ್ತಾನೆ, ಹಿಂದಿನ ಸೀಟಿನಲ್ಲಿ ಸಿಗ್ನೆ, ಥೋರಾ ಇಬ್ಬರೂ ಕೈಚೀಲ ತೊಡೆಯ ಮೇಲಿಟ್ಟು ಕೂತಿದ್ದಾರೆ.

“ಫೋಟೋ ಇವತ್ತೇ ನೋಡ್ಬೇಕು” ಎಂದಳು ಸಿಗ್ನೆ. “ಎಂಬತ್ತಾಯ್ತು. ನಾಳೆ ಅನ್ನೋಕೆ ನಾನೇನು ಹುಡುಗೀನಾ?”

“ನಂಗಿನ್ನೂ ಎಪ್ಪತ್ತಾರು. ಆದ್ರೂ ಬರ್ತೀನಿ” ಎಂದಳು ಥೋರಾ.

ಲಾಂಡ್ರಿಯಲ್ಲಿ ಇಬ್ಬರಿಗೂ ಮುಂದಿನ ಕೋಣೆಯಲ್ಲಿ ಕಾಫಿ ಕೊಟ್ಟು ಕೂರಿಸಿ, ಎಲ್ಮರ್ ಹಿಂದಕ್ಕೆ ಓಡಿ ವಿಷಯ ಪಿಸುಗುಟ್ಟಿದ. ಸಂಘದ ಡೆಲ್ಬರ್ಟ್ ಕೇಳಿಸಿಕೊಂಡ. ಯಾರ ಕ್ಯಾಮರಾ ಕೆಟ್ಟರೂ ಅವನಿಗೆ ಹಬ್ಬ.

“ನಲವತ್ತೊಂದಾ? ಕಚ್ಚಿಲ್ಲ ಬಿಡು ಮಾರಾಯ. ನಂಗೂ ಒಂದ್ಸಲ ಆಗಿತ್ತು. ಇಡೀ ಮದುವೆ ಹೋಯ್ತು. ಮದುಮಗಳ ಅಪ್ಪ ನನ್ನ ಹುಡುಕ್ಕೊಂಡು ಎರಡು ಊರು ತಿರುಗಿದ.”

“ಕತ್ತಲೆಯಲ್ಲಿ ಬಿಚ್ಚಿ ನೋಡೋಣ?”

“ಒಳಗೆ ಏನಿದೆ ಅಂತ ಕತ್ತಲೆ? ಇಲ್ದೇ ಇರೋದನ್ನ ಬಿಸಿಲಿಗೆ ಹಿಡಿದ್ರೆ ಕಂದುತ್ತಾ? ತೆಗೀ!”

ಎಲ್ಮರ್ ತೆಗೆದ. ಕಪ್ಪು ಪರದೆ ಸರಿಸಿದ್ದ ಕಿಟಕಿಯ ಬಿಸಿಲು ನೇರ ಒಳಗೆ ಬಿತ್ತು. ಫಿಲ್ಮು ಸುರುಳಿ ಸುರುಳಿಯಾಗಿ, ಚೊಕ್ಕವಾಗಿ, ಒಂದು ಹಲ್ಲೂ ತಪ್ಪದೆ ಸುತ್ತಿಕೊಂಡು ಕೂತಿತ್ತು.

“ಅಯ್ಯೋ, ಮುಚ್ಚೋ!” ಎಂದು ಡೆಲ್ಬರ್ಟ್ ಮುಂದಿನ ಕೋಣೆಗೂ ಕೇಳುವಂತೆ ಕಿರುಚಿದ. ತೆಗೀ ಎಂದವನು ತಾನಲ್ಲವೇ ಅಲ್ಲ ಎಂಬಂತಿತ್ತು ಅವನ ದನಿ.

ಅದೇ ಹೊತ್ತಿಗೆ ಓಡಿಸ್ ಮುದುಕ ಬ್ರೆಡ್ಡು ಕಚ್ಚುತ್ತ ಒಳಗೆ ಬಂದ. ಫಿಲ್ಮನ್ನು ನೂರು ಅಡಿಯ ದೊಡ್ಡ ಸುರುಳಿಯಲ್ಲಿ ತರಿಸಿ, ಕತ್ತರಿಸಿ, ಡಬ್ಬಿಗೆ ಸುತ್ತಿ ಸಂಘದವರಿಗೆಲ್ಲ ಹಂಚುವವನು ಅವನೇ. “ಏನಾಯ್ತು?” ಎಂದು ಕೇಳಿ ತಿಳಿದುಕೊಂಡ. “ನಲವತ್ತೊಂದಕ್ಕೇ ಹೆದರಿದ್ಯಾ? ಅದು ನಾನು ಸುತ್ತಿದ್ದಲ್ವಾ? ನಿಮ್ಮತ್ತೆ ಎಂಬತ್ತು ಅಂದ್ಯಲ್ಲ, ಪ್ರೀತಿಗೆ ಒಂದು ಗೇಣು ಜಾಸ್ತಿ ಹಾಕಿದ್ದೆ. ನಲವತ್ತೆರಡು ಬರುತ್ತೆ.”

ಎಲ್ಮರ್ ಕುರ್ಚಿಯ ಮೇಲೆ ಗಾಳಿ ಹೋದ ಟೈರಿನ ಹಾಗೆ ಇಳಿದು ಕೂತ.

ಗಲಾಟೆ ಕೇಳಿ ಸಂಘದ ಯಜಮಾನಿ ಮಾರ್ವಾ ಬಂದಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದವಳು. ಮನುಷ್ಯರನ್ನು ನೋಡಿದರೆ ಮೊದಲು ಮೂಳೆಯನ್ನೇ ನೋಡುವವಳು. “ಲಿವರ್ ಎಳೆದಾಗ ಈ ಕಡೆ ಗುಂಡಿ ತಿರುಗ್ತಿತ್ತಾ ಅಂತ ಒಬ್ರೂ ನೋಡ್ಲಿಲ್ವಾ? ಅದು ತಿರುಗಿದ್ರೆ ಫಿಲ್ಮು ಓಡ್ತಿದೆ ಅಂತ. ಮೊದಲನೇ ದಿನದ ಪಾಠ ಅಲ್ವೇನ್ರೋ?” ಮೂವರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಅವಳೇ ಮತ್ತೆ, “ಅಪ್ಪಿಕೊಂಡಿದ್ದು ಎಷ್ಟನೇದು?” ಎಂದಳು.

“ಹನ್ನೆರಡು, ಹದಿಮೂರು.”

“ಮೊದಲು ತೆಗೆದದ್ದು ಸುರುಳಿಯ ಹೊಟ್ಟೆಯೊಳಗಿರುತ್ತೆ. ಬಿಸಿಲು ತಿಂದಿರೋದು ಹೊರಗಿನ ಸುತ್ತನ್ನ. ಏಳು. ಅಳೋದಿದ್ರೆ ಫಿಲ್ಮು ತೊಳೆದಾದ್ಮೇಲೆ ಅಳು.”

ಬೆರಳಷ್ಟೇ ಕಣ್ಣಾಗುವ ಕಗ್ಗತ್ತಲೆಯಲ್ಲಿ ಎಲ್ಮರ್ ಫಿಲ್ಮನ್ನು ತೊಟ್ಟಿಗೆ ಸೇರಿಸಿ, ಮುಚ್ಚಳ ಬಿಗಿದು, ದೀಪ ಹಾಕಿದ. ಚಿತ್ರ ಮೂಡಿಸುವ ಡೆವಲಪರು ದ್ರಾವಣ ಸುರಿದು ಗಡಿಯಾರ ನೋಡುತ್ತ ತೊಟ್ಟಿಯನ್ನು ಮಗುವಿನಷ್ಟು ಜೋಪಾನವಾಗಿ ಮಗುಚಿದ, ಮಗುಚಿದ. ವಾರವಿಡೀ ಅವನು ಮಾಡುವ ಕೆಲಸ ಸರಿಯಾಗಿದ್ದರೆ ಯಾರಿಗೂ ಕಾಣುವುದಿಲ್ಲ. ಬಸ್ಸು ನಿಲ್ಲುತ್ತದೆ, ಮಕ್ಕಳು ಇಳಿಯುತ್ತಾರೆ, ಅಷ್ಟೇ. ಇಲ್ಲಿ ಹಾಗಲ್ಲ. ಕೈಯ ಎಚ್ಚರವೆಲ್ಲ ಕೊನೆಗೆ ಒಂದು ಮುಖವಾಗಿ ಬಂದು ಅವನ ಎದುರು ನಿಲ್ಲುತ್ತಿತ್ತು. ಅದಕ್ಕೇ ಅವನು ಈ ಲಾಂಡ್ರಿಗೆ ಬರುತ್ತಿದ್ದದ್ದು.

ಫಿಲ್ಮು ತೊಳೆದು ಬೆಳಕಿಗೆ ಹಿಡಿದಾಗ ಕೊನೆಯ ಹತ್ತು ಚಿತ್ರಗಳು ಮಸಿ ಬಳಿದಂತಿದ್ದವು. ಕೇಕು ಹೋಗಿತ್ತು, ಪಾದ್ರಿಯೂ ಹೋಗಿದ್ದ. ಹನ್ನೆರಡು, ಹದಿಮೂರು ಮಾತ್ರ ಗಾಜಿನಂತೆ ನಿಚ್ಚಳ. ಓಡಿಸ್ ಮುದುಕನೇ ಮೊದಲು ಮೂಗು ಒರೆಸಿಕೊಂಡ.

ಫಿಲ್ಮು ಒಣಗಿದ ಮೇಲೆ ಸಿಗ್ನೆ, ತಾನೂ ಒಳಗೆ ಬಂದೇ ಸಿದ್ಧ ಎಂದಳು. ಫೋನುಗಳ ಬೆಳಕು ಕಾಗದಕ್ಕೆ ಆಗದಾದ್ದರಿಂದ ಎಲ್ಲರ ಫೋನುಗಳೂ ಹೊರಗಿನ ಬುಟ್ಟಿಯಲ್ಲಿ ಉಳಿದವು. ಕೆಂಪು ದೀಪದಡಿ ಆರು ಜನ ತಟ್ಟೆಯ ಸುತ್ತ ಬಗ್ಗಿ ನಿಂತರು. ಬಿಳಿ ಕಾಗದ ಡೆವಲಪರಿನಲ್ಲಿ ತೇಲಿತು.

“ಏನೂ ಇಲ್ವಲ್ಲೋ” ಎಂದಳು ಥೋರಾ.

“ಸ್ವಲ್ಪ ತಾಳಿ, ಚಿಕ್ಕತ್ತೆ.”

ಮೊದಲು ಎರಡು ಹುಬ್ಬು ಬಂದವು. ಆಮೇಲೆ ಕನ್ನಡಕ. ಆಮೇಲೆ ಅಕ್ಕನ ಭುಜದ ಮೇಲೆ ಗದ್ದವೂರಿದ ಥೋರಾಳ ಇಡೀ ಮುಖ, ಕೆನ್ನೆಯ ಒಂದೊಂದು ಗೆರೆಯೊಂದಿಗೆ, ನೀರಿನಾಳದಿಂದ ಎದ್ದು ಬಂತು. “ಅಬ್ಬಾ” ಎಂದಳು ಸಿಗ್ನೆ. “ಅಮ್ಮನ ಹಾಗೇ ಇದ್ದೀಯಲ್ಲೇ.”

ಕಾಗದ ಇನ್ನಷ್ಟು ಕಪ್ಪಾಯಿತು. ಸಿಗ್ನೆಯ ಬೆನ್ನ ಮೇಲೆ ಥೋರಾಳ ಕೈ ಮೂಡಿತು. ಬೆರಳುಗಳು ಮೂಡಿದವು. ಮಕ್ಕಳು ಸುಳ್ಳು ಆಣೆ ಇಡುವಾಗ, ಈ ಮಾತು ಲೆಕ್ಕಕ್ಕಿಲ್ಲ ಎಂದು ದೇವರಿಗೆ ಗುಟ್ಟಾಗಿ ತಿಳಿಸಲು ಹಿಡಿಯುತ್ತಾರಲ್ಲ, ಹಾಗೆ ತೋರುಬೆರಳ ಮೇಲೆ ನಡುಬೆರಳು ಬಿಗಿಯಾಗಿ ಹೆಣೆದುಕೊಂಡಿತ್ತು.

“ಥೋರಾ. ಏನದು?”

“ಸಂಧಿವಾತ.”

“ಯಾವ ಸಂಧಿವಾತ ಕಣೇ ಬೆರಳಿಗೆ ಜಡೆ ಹಾಕೋದು?”

ಥೋರಾ ಸೆಟೆದು ನಿಂತಳು. “ಎಲ್ಮರ್, ಆ ಇನ್ನೊಂದೂ ಮಾಡಪ್ಪ. ನಿಮ್ಮತ್ತೆ ಮುಖ ಇರೋದು.”

“ಬೇಡ ಬೇಡ” ಎಂದಳು ಸಿಗ್ನೆ ಒಮ್ಮೆಲೇ. “ಒಂದು ಸಾಕು. ಕಾಗದ ದುಬಾರಿ.”

ಎಲ್ಮರನಿಗೆ ಓಡಿಹೋಗಬೇಕೆನಿಸಿತು. ಆದರೆ ಮಾರ್ವಾ ಆಗಲೇ ಹದಿಮೂರನೆಯದನ್ನು ಕಾಗದಕ್ಕೆ ಇಳಿಸಿ ತಟ್ಟೆಗೆ ಜಾರಿಸಿದ್ದಳು. ಫಿಲ್ಮು ಯಾರ ದಾಕ್ಷಿಣ್ಯಕ್ಕೂ ನಿಲ್ಲುವಂಥದ್ದಲ್ಲ. ಸಿಗ್ನೆಯ ನಗುಮುಖ ಬಂತು. ತಂಗಿಯ ಬೆನ್ನ ಮೇಲೆ ಅವಳ ಕೈ ಬಂತು. ಥೋರಾ ಹೆಣೆದದ್ದು ಒಂದೇ ಕೈ; ಸಿಗ್ನೆ ಎರಡೂ ಕೈಯ ಬೆರಳು ಹೆಣೆದಿದ್ದಳು.

ಆಮೇಲೆ ಥೋರಾಳ ಮೂಗಿನಿಂದ ಒಂದು ಗೊರಕೆಯಂಥ ಸದ್ದು ಹೊರಟಿತು. ಸಿಗ್ನೆಯ ಹೊಟ್ಟೆ ಕುಲುಕತೊಡಗಿತು. “ಎರಡೂ ಕೈಯಾ, ಅಕ್ಕಾ? ಪಾದ್ರಿ ಮುಂದೆ?” “ಅಷ್ಟು ದೊಡ್ಡ ಸುಳ್ಳಿಗೆ ಒಂದು ಕೈ ಸಾಲುತ್ತೇನೇ?” ಇಬ್ಬರೂ ತಟ್ಟೆಯ ಅಂಚು ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಗುತ್ತ ನಗುತ್ತಲೇ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಈ ಸಲ ಬೆರಳುಗಳೆಲ್ಲ ಬಿಚ್ಚಿಕೊಂಡಿದ್ದವು.

ಎಲ್ಮರನ ಕೈ ತಾನಾಗಿ ಎದೆಗೆ ಹೋಯಿತು. ಕ್ಯಾಮರಾ ಹೊರಗಿತ್ತು. ಇದ್ದಿದ್ದರೂ, ಆ ಕೆಂಪು ಮಬ್ಬಿನಲ್ಲಿ ಅದಕ್ಕೆ ಏನೂ ಕಾಣುತ್ತಿರಲಿಲ್ಲ. ನಾಲ್ಕು ಜನ ಫೋಟೋದ ಹುಚ್ಚರು ಸುತ್ತ ನಿಂತಿದ್ದರು. ಒಬ್ಬರಿಂದಲೂ ಒಂದು ಫೋಟೋ ತೆಗೆಯಲಾಗಲಿಲ್ಲ. ನೋಡಿದರು, ಅಷ್ಟೇ.

ಮೊದಲು ಚೇತರಿಸಿಕೊಂಡವಳು ಸಿಗ್ನೆ. ಎರಡೂ ಹಸಿ ಫೋಟೋಗಳನ್ನು ಮಡಿಸಿ ಕೈಚೀಲಕ್ಕೆ ತುರುಕಿದಳು. ಥೋರಾ ಕತ್ತರಿ ಎತ್ತಿಕೊಂಡು ಫಿಲ್ಮಿನಿಂದ ಹನ್ನೆರಡು, ಹದಿಮೂರನ್ನು ಕಚಕ್ಕೆಂದು ಕತ್ತರಿಸಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. “ಇದನ್ನ ಪಾದ್ರಿ ನೋಡಬಾರದು” ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಹೊರಗೆ ಬುಟ್ಟಿಯಲ್ಲಿ ಎಲ್ಮರನ ಫೋನು ಹೊಡೆದುಕೊಳ್ಳುತ್ತಿತ್ತು. “ಏನ್ರೀ, ಬಂತಾ?” ಡಾರ್ಲಾಳ ದನಿ. “ಅರವತ್ತು ಜನ ಕಾಯ್ತಿದ್ದಾರೆ. ಪಾದ್ರಿಗಳು ಗೋಡೆಗೆ ಮೊಳೇನೂ ಹೊಡ್ಸಿದ್ದಾರೆ.”

ಎಲ್ಮರ್ ಬಾಯಿ ತೆರೆಯುವಷ್ಟರಲ್ಲಿ ಸಿಗ್ನೆ ಫೋನು ಕಿತ್ತುಕೊಂಡಳು.

“ಏನೂ ಬಂದಿಲ್ಲ ಕಣೇ ಮಗಳೇ. ನಿನ್ನ ಗಂಡ ಹಾಡು ಹಗಲಲ್ಲೇ ಕ್ಯಾಮರಾ ಬಾಗಿಲು ತೆಗೆದ್ಬಿಟ್ಟ. ಬೇಕಾದ್ರೆ ಅವನನ್ನೇ ಕೇಳು, ತೆಗೆದ್ನೋ ಇಲ್ವೋ ಅಂತ.”

ಡೆಲ್ಬರ್ಟ್ ಛಾವಣಿ ನೋಡಿದ. ಓಡಿಸ್ ಬ್ರೆಡ್ಡು ನೋಡಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಥೋರಾ ಅಕ್ಕನ ಪರ ಮಾತಾಡಿದಳು:

“ಹೌದು ಡಾರ್ಲಾ, ನಾನೂ ಇಲ್ಲೇ ಇದ್ದೆ. ಅಕ್ಕ ಹೇಳೋದೆಲ್ಲ ನಿಜ.”