ಪಕ್ಕದ ಮನೆಯವರನ್ನು ಕೇಳಿದಿರಾ?

ನಮ್ಮ ಭಾವನಷ್ಟು ಸಂಬಂಧ ಮುರಿದವರು ಇಡೀ ನ್ಯೂಜಿಲೆಂಡಿನಲ್ಲಿ ಇನ್ನೊಬ್ಬರಿಲ್ಲ. ಗಾಬರಿಯಾಗಬೇಡಿ, ಮದುವೆ ಸಂಬಂಧಗಳಲ್ಲ! ‘ಮನೆಯಲ್ಲೇ ಕೂತು ಗಳಿಸಿ’ ಎಂದು ಇಂಟರ್ನೆಟ್ಟಿನಲ್ಲಿ ಬರುತ್ತವಲ್ಲ, ಆ ಸಂಬಂಧಗಳು.

ಭಾವ ಎಂದರೆ ನನ್ನ ಅಕ್ಕನ ಗಂಡ. ಹುಬ್ಬಳ್ಳಿಯವರು, ಮೌಂಟ್ ರಾಸ್ಕಿಲ್‌ನಲ್ಲಿ ಮನೆ, ವೃದ್ಧಾಶ್ರಮವೊಂದರಲ್ಲಿ ನರ್ಸ್. ನಂಬಬಹುದೋ ಮೋಸವೋ ಎಂದು ತಿಳಿಯಲು ಉಳಿದವರೆಲ್ಲ ಗೂಗಲ್ ಮಾಡಿದರೆ, ಇವರು ಗಂಡಿನ ಮನೆ ವಿಚಾರಿಸುವ ಹಾಗೆ ವಿಚಾರಿಸುತ್ತಾರೆ. ಇವರನ್ನೂ ಹಾಗೇ ವಿಚಾರಿಸಲಾಗಿತ್ತು ಅನ್ನಿ. ಅಪ್ಪ ಮೈಸೂರಿನಿಂದ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಇವರ ಪಕ್ಕದ ಮನೆಯಾಕೆಯನ್ನು ಕೇಳಿ ಬಂದಿದ್ದರು. ಆಕೆ ಏನು ಹೇಳಿದಳೆಂಬುದು ಆಮೇಲೆ.

ಮೊದಲ ಸಂಬಂಧ ದೂರದ ಡನೀಡಿನ್ ಊರಿನದು. ಜಾಹೀರಾತು ನೋಡಿದರೆ ದುಡ್ಡು ಕೊಡುತ್ತೇವೆ ಎಂದವರು ಆಫೀಸಿನ ವಿಳಾಸವನ್ನೂ ಕೊಟ್ಟಿದ್ದರು. ಮನೆತನ ನೋಡದೆ ಒಪ್ಪುವುದುಂಟೆ? ಅಲ್ಲಿ ಓದುತ್ತಿದ್ದ ತಮ್ಮ ಮಗಳನ್ನು ನೋಡಲು ಹೋದಾಗ ಭಾವ ಒಂದು ಪೊಟ್ಟಣ ಚಕ್ಕುಲಿ ಹಿಡಿದು ಆ ವಿಳಾಸಕ್ಕೂ ಹೋದರು. ಅಲ್ಲಿದ್ದದ್ದು ಲಾಂಡ್ರಿ. ಬರಿಗೈಲಿ ಬಂದವರಲ್ಲವಲ್ಲ, ಚಕ್ಕುಲಿಯನ್ನು ಲಾಂಡ್ರಿಯವರಿಗೇ ಕೊಟ್ಟು ಬಂದರು. ಲಾಂಡ್ರಿಯವರು ಒಳ್ಳೆಯ ಮನೆತನದವರಂತೆ!

ಇನ್ನೊಮ್ಮೆ ಒಂದು ವೆಬಿನಾರ್. ಕೆಂಪು ಕಾರಿಗೆ ಒರಗಿ ನಿಂತವನೊಬ್ಬ ತಾನು ಮಲಗಿದ್ದಾಗಲೂ ಗಳಿಸುತ್ತೇನೆ ಎನ್ನುತ್ತಿದ್ದ. ಎಲ್ಲರೂ ಎಷ್ಟು ಗಳಿಸಬಹುದೆಂದು ಕೇಳುತ್ತಿದ್ದರೆ ಭಾವ ಮಾತ್ರ ಟೈಪ್ ಮಾಡಿದರು: ‘ತಮಗೆ ಮದುವೆಯಾಗಿದೆಯೇ? ಈ ಗಳಿಕೆ ಹೆಂಡತಿಗೆ ಗೊತ್ತೇ?’ ತಕ್ಷಣ ಇವರನ್ನು ಹೊರಗೆ ಹಾಕಿದರು.

“ಗೊತ್ತಿಲ್ಲ ಅಂತಾತು,” ಎಂದು ಭಾವ ಲ್ಯಾಪ್‌ಟಾಪ್ ಮುಚ್ಚಿದರು.

ನಾನು ನಗುತ್ತಲೇ ಇದ್ದೆ, ನನ್ನ ಸರದಿ ಬರುವವರೆಗೆ. ನನಗೆ ಮಗಳು ಹುಟ್ಟಿದ ಮೇಲೆ ಆಸ್ಪತ್ರೆಯ ಲ್ಯಾಬ್ ಕೆಲಸ ಬಿಟ್ಟು ತಕಾನಿನಿಯ ಹೊಸ ಮನೆಯಲ್ಲಿ ಕೂತಿದ್ದೆ. ಗಂಡ ಬೆಳಿಗ್ಗೆ ಯೂಟ್ ಎಂಬ ಪಿಕಪ್ ಗಾಡಿ ಹತ್ತಿ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಒಂದು ಕಾಫಿಯನ್ನಾದರೂ ನನ್ನ ಸಂಪಾದನೆಯಲ್ಲಿ ಕುಡಿಯಬೇಕೆಂದು ಜೀವ ಒದ್ದಾಡುತ್ತಿತ್ತು. ಆಗಲೇ ಪರಿಚಯದ ಆಂಟಿಯೊಬ್ಬರು ಆನ್‌ಲೈನ್ ಕೋರ್ಸ್ ಮಾರುವ ಕೆಲಸ ತಂದರು. ಮೊದಲು ನಾನು ದುಡ್ಡು ಕಟ್ಟಿ ಸೇರಬೇಕು, ಆಮೇಲೆ ಬೇರೆಯವರನ್ನು ಸೇರಿಸಬೇಕು. ಹಣ ಕಟ್ಟಿಸಿಕೊಳ್ಳಲು ಆಂಟಿ ಮನೆಗೆ ಬಂದ ದಿನ ಭಾವ ಟ್ರೇನು ಹಿಡಿದು ಬಂದು ಸೋಫಾದಲ್ಲಿ ಕೂತರು, ಹೆಣ್ಣಿನ ಕಡೆಯವರಾಗಿ!

“ಬಾಯಾರ, ಈ ಕೆಲಸ ಬಿಟ್ಟವರದು ಒಂದು ನಂಬರ್ ಕೊಡ್ರಿ.”

“ನಮ್ಮಲ್ಲಿ ಸಕ್ಸಸ್ ಆದವರ ನಂಬರ್ ಇದೆ, ಅಂಕಲ್.”

“ಹುಡುಗನ ಬಗ್ಗೆ ಹುಡುಗನ ಕಾಕಾನ್ನ ಕೇಳ್ತೇವೇನ್ರಿ? ಬಾಜೂ ಮನ್ಯಾಗ ಕೇಳ್ತೇವಿ.”

“ಯಾರೂ ಬಿಟ್ಟೇ ಇಲ್ಲ, ಅಂಕಲ್!”

“ಯಾರೂ ಬಿಡದಂಥಾ ಕೆಲಸ ಈ ದೇಶದಾಗ ಎಲ್ಲೈತ್ರಿ? ನಮ್ಮಲ್ಲಿ ಮ್ಯಾನೇಜರೇ ಬಿಟ್ಟು ಹೋಗ್ಯಾಳ.”

ಆಂಟಿ ಚಹಾ ಕೂಡ ಕುಡಿಯದೆ ಎದ್ದರು. ನನಗೆ ಸಿಟ್ಟು ನೆತ್ತಿಗೇರಿತು.

“ಒಂದನ್ನೂ ಉಳಿಸಲ್ವಲ್ಲ ಭಾವ ನೀವು! ಲ್ಯಾಬಿನವರು ವಾರಕ್ಕೆ ಮೂರು ದಿನ ಬಾ ಅಂತಿದಾರೆ. ಈ ಮಗೂನ ಯಾರ ಹತ್ರ ಬಿಟ್ಟು ಹೋಗ್ಲಿ? ಗುರುತಿಲ್ಲದವರ ಕೈಗೆ ಕೊಡೋಕೆ ಮನಸ್ಸು ಬರಲ್ಲ. ಮನೇಲಿ ಕೂತು ಇನ್ನೇನು ಮಾಡ್ಲಿ ನಾನು?” ಎಂದವಳೇ ಅತ್ತುಬಿಟ್ಟೆ.

ಭಾವ ಎದ್ದು ಚಪ್ಪಲಿ ಮೆಟ್ಟಿ ಟ್ರೇನಿಗೆ ಹೊರಟರು.

ಕೆಲವು ದಿನ ಬಿಟ್ಟು ಬೆಳಿಗ್ಗೆ ಬಾಗಿಲು ತೆಗೆದರೆ ಭಾವ ನಿಂತಿದ್ದಾರೆ, ಹೆಗಲಿಗೊಂದು ಚೀಲ.

“ಆ ಮೂರು ದಿನದ ಡ್ಯೂಟಿ ಬದಲಿ ಮಾಡಿಸ್ಕೊಂಡೇನಿ. ಲ್ಯಾಬಿಗೆ ಫೋನ್ ಹಚ್ಚು, ಬರ್ತೇನಿ ಅಂತ ಹೇಳು. ಕೂಸು ನನ್ನ ಕಡೆ ಇರಲಿ.” ಆಮೇಲೆ ಗಂಭೀರವಾಗಿಯೇ ಕೇಳಿದರು: “ನನ್ನ ಬಗ್ಗೆ ಯಾರನ್ನರ ವಿಚಾರಿಸಬೇಕೇನು?”

ಅಂದು ಅಪ್ಪ ಹುಬ್ಬಳ್ಳಿಯಿಂದ ಬಂದವರು ಚೆಂಬು ನೀರು ಕುಡಿದು, ಪಕ್ಕದ ಮನೆಯಾಕೆ ಹೇಳಿದ್ದನ್ನು ಅವಳ ಮಾತಲ್ಲೇ ಹೇಳಿದ್ದರು: “ಹುಡುಗಂದು ಮಾತು ಭಾಳ. ಆದ್ರ ನಮ್ಮ ಕೂಸನ್ನ ಅವನ ತೊಡೀ ಮ್ಯಾಲೆ ಬಿಟ್ಟು ನಿಶ್ಚಿಂತಿಯಿಂದ ಸಂತಿಗೆ ಹೋಗ್ತೇನ್ರಿ.” ಅಕ್ಕನ ಮದುವೆ ಅಲ್ಲಿಗೇ ನಿಶ್ಚಯವಾಗಿತ್ತು.

ಕಣ್ಣು ತುಂಬಿ ಬಂತು. ಮಗಳನ್ನು ಅವರ ಕೈಗೆ ಕೊಟ್ಟೆ.

“ಬೇಡ ಭಾವ. ಅಪ್ಪ ವಿಚಾರಿಸಿದಾರೆ.”